ಇಬ್ಬರಿಗೂ ಹೂಂ

ಮಾರ್ಚ್ ೩, ಸೋಮವಾರ

ಮಧ್ಯಾಹ್ನದೊಳಗೆ ಹನ್ನೊಂದು ಹಲ್ಲು. ಎಲ್ಲವೂ ದವಡೆಯವು. ಮೇಣ ಬೇಗ ಬೇಗ ಗಟ್ಟಿಯಾಗುತ್ತಿತ್ತು... ಫ್ಯಾನಿನ ಕಾಟ. ಆರಿಸಲು ಅಪ್ಪ ಬಿಡುವುದಿಲ್ಲ. ಇಪ್ಪತ್ತೆಂಟು ವರ್ಷ ಇದೇ ಫ್ಯಾನಿನ ಕೆಳಗೆ ಊರವರಿಗೆಲ್ಲ ಹಲ್ಲು ಕಟ್ಟಿದವರು. ಕೆಳಗಿನ ಮಹಡಿಯ ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ಮೇಲೆ ನಾವಿಬ್ಬರು ಹಲ್ಲು ಮಾಡುತ್ತೇವೆ.

ಊಟ ಆದಮೇಲೆ ಅಪ್ಪ ಒಂದು ಅರ್ಜಿ ಮುಂದಿಟ್ಟರು. ದೊಡ್ಡಾಸ್ಪತ್ರೆ, ದಂತ ವಿಭಾಗ, ಟೆಕ್ನಿಷಿಯನ್. ಕಾಯಂ ಕೆಲಸ. ತಾವೇ ಪೂರ್ತಿ ತುಂಬಿದ್ದಾರೆ, ನನ್ನ ರಕ್ತದ ಗುಂಪಿನವರೆಗೆ.

"ಒಂದು ಸಹಿ ಹಾಕು, ಸಾಕು."

ಹಾಕಿದೆ. ಯಾಕೆ ಹಾಕಿದೆ? ಪೆನ್ನು ಕೈಯಲ್ಲೇ ಇತ್ತು, ಅಷ್ಟೆ.

ಮಾರ್ಚ್ ೬, ಗುರುವಾರ

ಸಂಜೆ ಶಿಲ್ಪಿ ಮೇಡಂ ಅವರ ಶೆಡ್ಡು. ವಾರಕ್ಕೆ ಮೂರು ಸಂಜೆ ಹೋಗಲು ಶುರು ಮಾಡಿ ಒಂದು ವರ್ಷವಾಯಿತು. ಅಮ್ಮನ ತಲೆ ಮುಗಿಸಿದ್ದೆ, ಮಣ್ಣಿನಲ್ಲಿ. ಮೇಡಂ ಸುತ್ತ ಎರಡು ಸಲ ನಡೆದು ನೋಡಿದರು.

"ಚೆನ್ನಾಗಿದೆ. ಪಾಸ್‌ಪೋರ್ಟ್ ಫೋಟೋ ಇದ್ದ ಹಾಗಿದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ನಿನ್ನ ಕೈಗೆ ತಪ್ಪು ಮಾಡೋಕೇ ಬರಲ್ಲ ಕಣೇ. ಅದನ್ನ ಕಲಿಸೋಕೆ ಎರಡು ವರ್ಷ ಬೇಕು. ಇಪ್ಪತ್ನಾಲ್ಕನೇ ತಾರೀಕಿಗೆ ದೊಡ್ಡ ಕೆಲಸ ಹಿಡೀತಿದೀನಿ. ಜೊತೆಗಿರು, ಇಡೀ ದಿನ. ಬರ್ತೀಯಾ?"

ಯೋಚಿಸಿ ಹೇಳ್ತೀನಿ ಅಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ — ಅದು ಹೊಗಳಿಕೆಯೋ ಬೈಗುಳವೋ?

ಮಾರ್ಚ್ ೭, ಶುಕ್ರವಾರ

ಮನೆಯಲ್ಲಿ ಹೇಳಿದೆ. ಊಟದ ಹೊತ್ತಿಗೆ. ಹೇಳಬಾರದ ಹೊತ್ತು.

ಅಮ್ಮ: "ಗೊಂಬೆ ಮಾಡೋಕಾ? ಡಿಪ್ಲೊಮಾ ಮಾಡಿ?"

ಅಪ್ಪ ತುತ್ತು ನುಂಗಿ ಕೇಳಿದರು. "ಎರಡು ವರ್ಷ ಆದ್ಮೇಲೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಪ್ಪ."

ಕೈ ತೊಳೆದು ಎದ್ದುಹೋದರು. ಕೂಗಾಡಿದ್ದರೆ ಚೆನ್ನಾಗಿತ್ತು. ನಾನೂ ಕೂಗಾಡುತ್ತಿದ್ದೆ. ಕೂಗಾಡುವಾಗ ನನಗೆ ಏನು ಬೇಕೆಂದು ನನ್ನ ಬಾಯಿಂದಲೇ ಕೇಳಿಸುತ್ತಿತ್ತೇನೋ.

ಮಾರ್ಚ್ ೧೧, ಮಂಗಳವಾರ

ನಿವೃತ್ತ ಟೀಚರಮ್ಮ ಒಬ್ಬರು ಡಾಕ್ಟರ ಜೊತೆ ಮೆಟ್ಟಿಲು ಹತ್ತಿ ಬಂದರು. ಅಪ್ಪ ಮಾಡಿದ ಮೇಲ್ದವಡೆಯ ಹಲ್ಲುಸೆಟ್ಟು, ಮೂರನೇ ಟ್ರಯಲ್. ಹಲ್ಲು ಇನ್ನೂ ಮೇಣದಲ್ಲೇ ಕೂತಿವೆ.

"ತುಂಬಾ ಚೆನ್ನಾಗಿದೆ ಸರ್. ಆದ್ರೆ ಬೇರೆ ಯಾರದೋ ಬಾಯಿ ಹಾಕ್ಕೊಂಡ ಹಾಗಿದೆ."

ಅಪ್ಪನ ಕಿವಿ ಕೆಂಪಾಯಿತು. ನಾನು ಹಳೇ ಫೋಟೋ ಇದೆಯಾ ಎಂದು ಕೇಳಿದೆ. ಫೋನಿನಲ್ಲಿ ಒಂದಿತ್ತು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಚೂರು ಹತ್ತಿಕೊಂಡಿವೆ. ಅವರು ಇಳಿದುಹೋದ ಮೇಲೆ ಮೇಣ ಬಿಸಿ ಮಾಡಿ ಒಂದು ಹಲ್ಲು ತಿರುಗಿಸಿದೆ, ಇನ್ನೊಂದರ ಅಂಚು ಉಜ್ಜಿದೆ.

"ಸೊಟ್ಟ ಹಲ್ಲು ಕಟ್ಟಿಕೊಟ್ರೆ ನಾಳೆ ನಮ್ಮ ಹತ್ರ ಯಾರು ಬರ್ತಾರೆ?" ಅಂದರು ಅಪ್ಪ. ಆದರೆ ತಡೆಯಲಿಲ್ಲ.

ಮಾರ್ಚ್ ೧೨, ಬುಧವಾರ

ಟೀಚರಮ್ಮ ಹಾಕಿಕೊಂಡರು. ಕನ್ನಡಿ ಹಿಡಿದರು. ತುಟಿ ಬಿಚ್ಚಿ ಮುಂದಿನ ಎರಡು ಹಲ್ಲನ್ನೇ ದಿಟ್ಟಿಸಿದರು. ಕೆಟ್ಟಿತು ಅಂದುಕೊಂಡೆ.

"ನಮ್ಮಕ್ಕ ನಗ್ತಿದ್ದದ್ದೂ ಹೀಗೇ..." ಅಂದರು. ಅಕ್ಕ ಈಗಿಲ್ಲವಂತೆ. ಕನ್ನಡಿ ವಾಪಸ್ಸು ಕೊಡಲು ಬಹಳ ಹೊತ್ತು ಹಿಡಿಯಿತು.

ಅವರು ಹೋದಮೇಲೆ ಅಪ್ಪ ನನ್ನ ಕಡೆ ನೋಡದೆ ಕೇಳಿದರು. "ಇದು ಆ ಮೇಡಂ ಕಲಿಸಿದ್ದಾ, ನಾನು ಕಲಿಸಿದ್ದಾ?"

"ಗೊತ್ತಿಲ್ಲ."

"ಇಂಥ ಕೈ ಆಸ್ಪತ್ರೆಯವರಿಗೆ ಸಿಕ್ಕಿದ್ರೆ ಬಿಡ್ತಾರಾ!"

ಇಷ್ಟು ಖುಷಿ ಶೆಡ್ಡಿನಲ್ಲಿ ಒಂದು ದಿನವೂ ಆಗಿಲ್ಲ. ಅದೇ ತಲೆನೋವು. ಹಲ್ಲಿನ ಕೆಲಸ ಬೇಜಾರು ಎಂಬ ಒಂದೇ ಆಧಾರ ಇತ್ತು. ಅದೂ ಹೋಯಿತು.

ಮಾರ್ಚ್ ೧೫, ಶನಿವಾರ

ನೇರವಾಗಿ ಕೇಳಿದೆ. "ಅಪ್ಪ, ನೀವೇ ಹೇಳಿ. ನೀವು ಹೇಳಿದ ಹಾಗೆ ಕೇಳ್ತೀನಿ."

ಉಳಿ ಒರೆಸುತ್ತಲೇ ಹೇಳಿದರು. "ಅವತ್ತು ಊಟದ ಹೊತ್ತಲ್ಲಿ ಕೇಳಿದ್ದಿದ್ರೆ ಹೇಳ್ತಿದ್ದೆ. ಈಗ ಹೇಳಲ್ಲ. ನಾನು ಹೂಂ ಅಂದ್ರೂ ನಾಳೆ ನನ್ನೇ ಬೈತೀಯ, ಊಹೂಂ ಅಂದ್ರೂ ನನ್ನೇ ಬೈತೀಯ."

ಎಂಥ ಮನುಷ್ಯ! ಜಗಳ ಆಡೋಣವೆಂದರೆ ಜಾಗವೇ ಬಿಡಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಆರು ದಿನ ಬರೆದಿಲ್ಲ. ಬರೆಯಲು ಏನಿತ್ತು? ಬೆಳಿಗ್ಗೆ ಒಂದು ಮನಸ್ಸು, ಸಂಜೆ ಇನ್ನೊಂದು.

ಇವತ್ತು ಆಸ್ಪತ್ರೆಯ ಇಂಟರ್‌ವ್ಯೂ. ಮೇಣದ ತುಂಡು ಕೊಟ್ಟು ಕೋರೆಹಲ್ಲು ಕೆತ್ತಲು ಹೇಳಿದರು. ನಲವತ್ತು ನಿಮಿಷ. ನನ್ನದು ಅರ್ಧ ಗಂಟೆಗೇ ಮುಗಿಯಿತು. ಉಳಿದ ಹತ್ತು ನಿಮಿಷ ಸುಮ್ಮನೆ ನೋಡುತ್ತ ಕೂತೆ. ಬೇಕಂತಲೇ ಕೆಡಿಸಿಬಿಡೋಣ ಅನಿಸಿ ಚಾಕು ಎತ್ತಿದೆ. ಕೆಡಿಸಲು ಕೈ ಬರಲಿಲ್ಲ.

ಮಾರ್ಚ್ ೨೨, ಶನಿವಾರ

ಹತ್ತೂವರೆಗೆ ಆಸ್ಪತ್ರೆಯಿಂದ ಫೋನ್. "ಸೋಮವಾರ ಒಂಬತ್ತಕ್ಕೆ ಬಂದು ಸೇರ್ಕೊಳ್ಳಿ." ಹೂಂ ಸರ್ ಅಂದೆ.

ಹನ್ನೊಂದಕ್ಕೆ ಮೇಡಂ ಫೋನ್. "ಸೋಮವಾರ ಬರ್ತೀಯಾ ಇಲ್ವಾ, ಒಂದು ಹೇಳು." ಹೂಂ ಮೇಡಂ ಅಂದೆ.

ಅರ್ಧ ಗಂಟೆಯಲ್ಲಿ ಇಬ್ಬರಿಗೂ ಹೂಂ. ಎರಡು ಸಲವೂ ಸುಳ್ಳು ಹೇಳಿದೆ ಅನಿಸಲೇ ಇಲ್ಲ. ಮನೆಯಲ್ಲಿ ಮಾತ್ರ ಒಂದೇ ಫೋನಿನ ವಿಷಯ ಹೇಳಿದೆ, ಆಸ್ಪತ್ರೆಯದು. ಅಮ್ಮ ಅಕ್ಕಪಕ್ಕಕ್ಕೆಲ್ಲ ಹೇಳಿ ಬಂದಾಯಿತು. ಅಪ್ಪ "ಸರಿ" ಅಂದರು. ಅಷ್ಟೆ. ಸಂಜೆ ನನ್ನ ಉಳಿಗಳನ್ನೆಲ್ಲ ಒಂದೊಂದಾಗಿ ಮಸೆದು ಇಟ್ಟಿದ್ದರು.

ಮಾರ್ಚ್ ೨೪, ಸೋಮವಾರ. ಮಧ್ಯಾಹ್ನ ೧

ಶೆಡ್ಡಿನ ಹಿಂದಿನ ಕಟ್ಟೆ.

ಮೇಡಂ ಅವರ ಸ್ಟಾಪ್ ಮೊದಲು ಬರುತ್ತದೆ. ಇಳಿದೆ. ಇಳಿದ ಕೂಡಲೇ ತಪ್ಪಾಯಿತು ಅನಿಸಿತು. ಆಸ್ಪತ್ರೆ ಕಡೆಯ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು. ಕಂಡಕ್ಟರು "ಹತ್ತೀಯೇನಮ್ಮಾ?" ಅಂದ. ಇಲ್ಲ ಅಂದೆ. ನಾನೇ, ನನ್ನ ಬಾಯಲ್ಲೇ ಅಂದದ್ದು.

ಆಮೇಲೆ ನಾಲ್ಕು ಗಂಟೆ ಮಣ್ಣು ಕಲಸಿದೆ. ರಟ್ಟೆ ಬಿದ್ದುಹೋಗಿದೆ. ಖುಷಿ? ನೋಡಬೇಕು.

ಅಪ್ಪನ ಫೋನ್ ಬಂತು. "ಸೇರ್ಕೊಂಡ್ಯಾ?"

"ಸೇರ್ಕೊಂಡೆ."

ಎಲ್ಲಿಗೆ ಅಂತ ಅವರು ಕೇಳಲಿಲ್ಲ.

ಸಂಜೆ ೬.೩೦

ಹೇಳಿಬಿಟ್ಟೆ. ಚಪ್ಪಲಿ ಬಿಡುವ ಮೊದಲೇ. ಅಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಅಪ್ಪ ನನ್ನ ಉಗುರುಗಳನ್ನು ನೋಡಿದರು... ಮಣ್ಣು.

"ಆಸ್ಪತ್ರೆಗೆ ಫೋನ್ ಮಾಡಿದ್ಯಾ?"

"ಇಲ್ಲ."

"ಮೊದ್ಲು ಮಾಡು. ಕೆಲಸ ಬೇಡ ಅನ್ನು, ಪರವಾಗಿಲ್ಲ. ಇನ್ನೊಬ್ಬರನ್ನ ಕಾಯಿಸಬೇಡ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೋರಾಗಿ ಏನಲ್ಲ.

ಫೋನ್ ಮಾಡಿದೆ. ಆ ಕಡೆಯ ಗುಮಾಸ್ತೆ ಬೈಯಲಿಲ್ಲ. "ಕಾರಣ ಬರೆದು ಕಳಿಸಿ ಮೇಡಂ, ಫೈಲಿಗೆ ಬೇಕು" ಅಂದಳು. ಬರೆಯುತ್ತ ಕೂತಿದ್ದೇನೆ. ಮೂರು ಹಾಳೆ ಹರಿದಾಯಿತು. ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ನಕಲು ಮಾಡಿದರಾಯಿತು.

ಮಾನ್ಯರೇ, ನನಗೆ ನೀಡಿದ ಹುದ್ದೆಗೆ ನಾನು ಸೇರುತ್ತಿಲ್ಲ. ಏಕೆಂದರೆ