ಒಪ್ಪೋಲೆ

ಮಾರ್ಚ್ ೧೧, ಮಂಗಳವಾರ

ನನ್ನ ಚಿನಕುರಳಿಗೆ,

ಅಪ್ಪನ ಅಕ್ಕರೆಯ ನೆನಪುಗಳು. ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಇಂದಿಗೆ ಇಪ್ಪತ್ತೆರಡು ದಿನ. ಬೈಯಬೇಡ. ಬೈಯುವ ಕೆಲಸವನ್ನು ನಿಮ್ಮಮ್ಮ ಆಗಲೇ ಮಾಡಿ ಮುಗಿಸಿದ್ದಾಳೆ. ಬೆಳಿಗ್ಗೆ ತನ್ನ ಔಷಧಿ ಅಂಗಡಿ ತೆರೆಯಲು ಹೊರಟವಳು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, "ಮಗಳಿಗೆ ಒಂದು ಕಾಗದ ಬರೆಯೋಕೆ ಮೂರು ವಾರ! ಇಂಥವರು ಭೂಮಿ ಉಳಿಸ್ತಾರೆ ಅಂತ ಮೂವತ್ತು ವರ್ಷ ಅಂಗಿ ಇಸ್ತ್ರಿ ಮಾಡಿ ಕಳಿಸಿದ್ನಲ್ಲ ನಾನು" ಎಂದಳು. ಮಂಡಿನೋವು ಕಣೇ ಎಂದೆ. "ಬರೆಯೋದು ಮಂಡಿಯಲ್ಲಾ?" ಎಂದು ಕೇಳಿ ಇಳಿದು ಹೋದಳು. ಎರಡು ಮಹಡಿ ಕೆಳಗಿನವರೆಗೂ ಗೊಣಗಾಟ ಕೇಳಿಸುತ್ತಿತ್ತು.

ನಿಜ ಹೇಳುತ್ತೇನೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಮೊದಲನೆಯದು ಭಾಷಣವಾಯಿತು. ಎರಡನೆಯದು ಬರೀ ಅಳುಮುಂಜಿ. ಮಿಕ್ಕೆರಡನ್ನು ಓದಿದರೆ ಯಾವುದೋ ಇಲಾಖೆಯವನು ಸಾರ್ವಜನಿಕರಿಗೆ ಬರೆದ ಹಾಗಿತ್ತು. ಇದು ಐದನೆಯದು. ಹೇಗೆ ಬರುತ್ತದೋ ಹಾಗೇ ಅಂಚೆಗೆ ಹಾಕಿಬಿಡುತ್ತೇನೆ.

ನಿನ್ನ ಕಾಗದವನ್ನು ಮತ್ತೆ ಮುಂದಿಟ್ಟುಕೊಂಡಿದ್ದೇನೆ. ಹುಣ್ಣಿಮೆ ಅಮಾವಾಸ್ಯೆಗೆ ಚರಂಡಿಯಿಂದ ಮೇಲೆ ಉಕ್ಕುತ್ತಿದ್ದ ಸಮುದ್ರದ ನೀರು ಈಗ ಬೇಕರಿಯ ಹೊಸ್ತಿಲು ದಾಟಿದೆ ಎಂದು ಬರೆದಿದ್ದೀಯ. ಹಿಟ್ಟಿನ ಮೂಟೆಗಳನ್ನು ಬೆಂಚಿನ ಮೇಲಿಟ್ಟು, ಬೆಂಚನ್ನು ಇಟ್ಟಿಗೆಯ ಮೇಲಿಟ್ಟು, ಈಗ ಮೂಟೆ ಇಳಿಸಲು ಸ್ಟೂಲು ಹತ್ತಬೇಕಂತೆ. ಒಲೆಯ ತಳಕ್ಕೆ ತೇವ ಹಿಡಿದು ಬ್ರೆಡ್ಡಿನ ಅಡಿಭಾಗ ಬಿಳಿಚಿಕೊಳ್ಳುತ್ತಿದೆಯಂತೆ. ಅಷ್ಟು ಬರೆದ ಮೇಲೆ ನೇರ ವಿಷಯಕ್ಕೆ ಬಂದಿದ್ದೀಯ: ಕಡಲಬೀದಿಯ ನಲವತ್ತೊಂದು ಮನೆಗಳನ್ನೂ ಗುಡ್ಡದ ಮೇಲಿನ ಬಯಲಿಗೆ ಸಾಗಿಸುತ್ತಾರೆ, ಮಾರ್ಚ್ ಕೊನೆಯೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಪುರಸಭೆಗೆ ಕೊಡಬೇಕು. "ನಿನ್ನ ಆಯಸ್ಸೆಲ್ಲ ಒಪ್ಪಂದಗಳ ನಡುವೆಯೇ ಕಳೀತಲ್ಲಪ್ಪ. ಇದಕ್ಕೆ ಸಹಿ ಹಾಕ್ಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳು." ಅದರ ಕೆಳಗೆ ಅಳಿಯಂದಿರ ಕೋಳಿಕಾಲು ಅಕ್ಷರದಲ್ಲಿ, "ಮಾವ, ಮನೆ ಬಿಟ್ಟು ಹೋಗ್ತೀನಿ. ಒಲೆ ಹೊತ್ಕೊಂಡು ಹೋಗಕ್ಕಾಗಲ್ಲ" ಎಂದಿತ್ತು. ಅವರ ತಾತ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ ಒಲೆ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮನಿಗೆ ನೀನು ಕಳಿಸಿದ ಒಪ್ಪಿಗೆ ಪತ್ರದ ನಮೂನೆಯನ್ನು ತೋರಿಸಿದೆ. ಅದೇ ತಪ್ಪಾಯಿತು. "ದೇಶದೇಶದವರೆಲ್ಲ ವರ್ಷವರ್ಷ ಸೇರಿ ಬಾಯಿ ತೆರೆದಿದ್ದೇ ಬಂತು. ಒಬ್ರಾದ್ರೂ ಹಲ್ಲು ಕೀಳಿಸ್ಕೊಂಡ್ರಾ? ನಿಮ್ಮ ಹವಾಮಾನದ ಒಪ್ಪಂದ ಹಲ್ಲು ಕಿತ್ತ ಹಾವು ಯಜಮಾನ್ರೇ. ಹಲ್ಲಿನ ವಿಷಯ ನನ್ನ ಕೇಳಿ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ನಮೂನೆ ಕಿತ್ತುಕೊಂಡು ಒಳಗೆ ಬಂದುಬಿಟ್ಟೆ. ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಪೂರ್ತಿ ಸುಳ್ಳಾಗಿದ್ದರೆ ನಗುತ್ತಿದ್ದೆ.

ಆ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದ್ದ ಒಪ್ಪಂದಕ್ಕೆ ಹಲ್ಲಿತ್ತು. ಇಷ್ಟು ಹೊಗೆ ಇಳಿಸಬೇಕು, ಇಳಿಸದಿದ್ದರೆ ದಂಡನೆ. ಆದರೆ ಅದು ಕೆಲವೇ ದೇಶಗಳಿಗೆ. ಆಮೇಲೆ ಏನಾಯಿತು? ಒಬ್ಬರು ಬಾಗಿಲಿಗೇ ಬರಲಿಲ್ಲ, ಇನ್ನೊಬ್ಬರು ನಡುವೆ ಎದ್ದು ಹೋದರು. ಬೆತ್ತ ಇಟ್ಟುಕೊಂಡ ಮನೆಗೆ ಯಾರು ತಾನೇ ನೆಂಟರಾಗಿ ಬರುತ್ತಾರೆ? ಹಾಗಾಗಿ ಎರಡನೆಯ ಒಪ್ಪಂದದಲ್ಲಿ ಬೆತ್ತ ಎಸೆದೆವು. ಎಲ್ಲರೂ ಬನ್ನಿ, ನಿಮ್ಮ ಮಾತನ್ನು ನೀವೇ ಬರೆದುಕೊಳ್ಳಿ ಎಂದೆವು. ಎಲ್ಲರೂ ಬಂದರು. ಆದರೆ ಪರೀಕ್ಷೆಗೆ ಕೂತವನೇ ಪ್ರಶ್ನೆಪತ್ರಿಕೆ ಬರೆದುಕೊಂಡ ಹಾಗಾಯಿತು. ಕೊಟ್ಟ ಮಾತು ತಪ್ಪಿದರೆ ಕೇಳುವವರಿಲ್ಲ. ಬೇಡವೆನಿಸಿದರೆ ಒಂದು ನೋಟೀಸು ಕೊಟ್ಟು ಹೊರಗೆ ಹೋಗಬಹುದು. ಹೆಚ್ಚು ಹೊಗೆ ಬಿಟ್ಟವರು ಕಡಿಮೆ ಬಿಟ್ಟವರಿಗೆ ನೆರವಾಗುತ್ತೇವೆ ಎಂದು ಹೇಳುವಾಗ ದನಿ ದೊಡ್ಡದಿರುತ್ತದೆ, ಕೈ ಮಾತ್ರ ಜೇಬಿನಲ್ಲೇ ಇರುತ್ತದೆ. ಇದೆಲ್ಲ ಕಣ್ಣಾರೆ ಕಂಡವನು ನಾನು.

ಇನ್ನರ್ಧವೂ ಇದೆ ಮಗಳೇ, ಅದನ್ನೂ ಕಣ್ಣಾರೆ ಕಂಡಿದ್ದೇನೆ. ಗಡಿಯಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದ ಎರಡು ದೇಶಗಳವರು ಒಂದೇ ಮೇಜಿನಲ್ಲಿ ಕೂತು ಅಲ್ಪವಿರಾಮಕ್ಕೆ ಜಗಳಾಡುವುದನ್ನು ನೋಡಿದ್ದೇನೆ. ಐದು ವರ್ಷಕ್ಕೊಮ್ಮೆ ಎಲ್ಲರೂ ತಮ್ಮ ಮಾತು ಬರೆದ ಹಾಳೆಯನ್ನು ತಂದು ಎಲ್ಲರ ಮುಂದೆ ಬಿಡಿಸಬೇಕು. ಒಬ್ಬ ಮಂತ್ರಿ ಖಾಲಿ ಹಾಳೆ ತಂದಿದ್ದ. ಆ ವಾರವಿಡೀ ಪುಟ್ಟ ದ್ವೀಪದವರು ಎದುರು ಬಂದಾಗಲೆಲ್ಲ ಕಾಫಿ ಯಂತ್ರದ ಹಿಂದೆ ಹೋಗಿ ನಿಲ್ಲುತ್ತಿದ್ದ. ಪಾಪ, ಅಷ್ಟು ದಿನದಲ್ಲಿ ಎಷ್ಟು ಕಾಫಿ ಕುಡಿದನೋ! ಮುಂದಿನ ಸಲ ಬರುವಾಗ ತುಂಬಿದ ಹಾಳೆ ತಂದ. ನಾಚಿಕೆಗೆ ಹಲ್ಲಿಲ್ಲ ನಿಜ, ಆದರೆ ಅದೂ ಕಚ್ಚುತ್ತದೆ ಎಂದು ಡಾಕ್ಟರಮ್ಮನಿಗೆ ಹೇಳಬೇಕಿತ್ತು. ಹೊಳೆಯಲೇ ಇಲ್ಲ ನೋಡು.

ಲೆಕ್ಕ ಬಲ್ಲವರು ಮೊದಲು ಭೂಮಿ ನಾಲ್ಕು ಡಿಗ್ರಿ ಬಿಸಿಯಾಗುತ್ತದೆ ಎನ್ನುತ್ತಿದ್ದರು. ಈಗ ಮೂರಕ್ಕೂ ಕೆಳಗೆ ಎನ್ನುತ್ತಾರೆ. ನಿಮ್ಮ ಬೀದಿ ಮುಳುಗಲು ಅಷ್ಟೂ ಬೇಕಿಲ್ಲ, ಗೊತ್ತು. ಆದರೆ ನಾಲ್ಕಕ್ಕೂ ಮೂರಕ್ಕೂ ನಡುವೆ ಇನ್ನೆಷ್ಟೋ ಬೀದಿಗಳಿವೆ, ಅಲ್ಲಿ ಇನ್ನೆಷ್ಟೋ ಜನರ ಹೆಣ್ಣುಮಕ್ಕಳು ಒಲೆ ಹಚ್ಚುತ್ತಾರೆ. ಇದನ್ನು ನಿನಗೆ ಸಮಾಧಾನ ಮಾಡಲು ಬರೆಯುತ್ತಿಲ್ಲ. ಸಮಾಧಾನವಾಗುವ ಮಾತಲ್ಲ ಇದು.

ನಮ್ಮ ನಿಯೋಗದ ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವಲ್ಲ, ನಿನಗೆ ನೆನಪಿರಬೇಕು. ಎರಡು ಡಿಗ್ರಿ ಎಂದಿದ್ದುದನ್ನು ಒಂದೂವರೆ ಮಾಡಿಸಲು ಆಕೆ ಎರಡು ವಾರ ಹಟ ಹಿಡಿದರು. ಗಂಟಲು ಕೂತು ಹೋಗಿ ಕೊನೆಗೆ ಚೀಟಿ ಬರೆದು ತೋರಿಸುತ್ತಿದ್ದರು. ದೊಡ್ಡ ದೇಶದವನೊಬ್ಬ, "ಮೇಡಂ, ಅರ್ಧ ಡಿಗ್ರಿಗೆ ಇಷ್ಟು ರಂಪ ಯಾಕೆ?" ಎಂದು ಕೇಳಿದ. ಆಕೆ ಚೀಟಿಯಲ್ಲಿ ಬರೆದರು: "ನಿಮಗೆ ಜ್ವರ ಬಂದಾಗ ಅರ್ಧ ಡಿಗ್ರಿ ನೋಡಲ್ವಾ?" ಅದನ್ನು ಉಳಿದವರಿಗೆ ಅವರವರ ಭಾಷೆಯಲ್ಲಿ ಓದಿ ಹೇಳಿದವನು ನಾನೇ. ನನ್ನ ಕೆಲಸ ಅಷ್ಟೇ ಇತ್ತಲ್ಲ: ನಮ್ಮ ಭಾಷೆಯ ಪ್ರತಿಗೂ ಉಳಿದ ಪ್ರತಿಗಳಿಗೂ ಒಂದಕ್ಷರ ಹೆಚ್ಚುಕಡಿಮೆ ಆಗದಂತೆ ನೋಡುವುದು. ಅದಕ್ಕೇ ಅಲ್ಲವೇ ಕಚೇರಿಯಲ್ಲಿ ನನಗೆ 'ಕೊಂಬುದೀರ್ಘ' ಎಂದು ಹೆಸರಿಟ್ಟಿದ್ದು. ಎದುರಿಗೇ ಕರೆಯುತ್ತಿದ್ದರು, ಕತ್ತೆಗಳು.

ಸರಿ, ಈಗ ನಿನ್ನ ನಮೂನೆ. ಯಾವ ಒಪ್ಪಂದವನ್ನೇ ಆಗಲಿ, ನಾನು ಬಾಲದಿಂದ ಓದುವವನು. ನಮ್ಮ ಭಾಷೆಯಲ್ಲಿ ಗುಟ್ಟೆಲ್ಲ ಇರುವುದು ವಾಕ್ಯದ ಬಾಲದಲ್ಲಿ. ಮೊದಲ ಮೂರು ಕಂಡಿಕೆಗಳಲ್ಲಿ ನೀವು ಏನು ಮಾಡಬೇಕೆಂದಿದೆ: ಮನೆ ತೆರವು ಮಾಡತಕ್ಕದ್ದು, ಬೀಗದ ಕೈ ಒಪ್ಪಿಸತಕ್ಕದ್ದು, ಹಕ್ಕು ಬಿಟ್ಟುಕೊಡತಕ್ಕದ್ದು. ನಾಲ್ಕನೆಯದು ಅವರು ಮಾಡಬೇಕಾದ್ದು: "ಬದಲಿ ವಸತಿಯನ್ನೂ ಜೀವನೋಪಾಯಕ್ಕೆ ಅಗತ್ಯವಾದ ಕಟ್ಟಡ, ಒಲೆ ಮುಂತಾದವುಗಳನ್ನೂ ಒದಗಿಸುವುದು ಯುಕ್ತ." ಯುಕ್ತವಂತೆ! ನೀವು ಮಾಡತಕ್ಕದ್ದು, ಅವರು ಮಾಡುವುದು ಯುಕ್ತ. ತಕ್ಕದ್ದು ಅಂದರೆ ಮಾಡಲೇಬೇಕು, ಮಾಡದಿದ್ದರೆ ಕೋರ್ಟಿಗೆ ಎಳೆಯಬಹುದು. ಯುಕ್ತ ಅಂದರೆ ಮಾಡಿದರೆ ಚೆನ್ನ, ಮಾಡದಿದ್ದರೆ ನಮಸ್ಕಾರ. ನಿಮ್ಮಮ್ಮನಿಗೆ ಓದಿ ಹೇಳಿದೆ. "ಔಷಧಿ ಚೀಟಿಯಲ್ಲಿ 'ದಿನಕ್ಕೆ ಮೂರು ಮಾತ್ರೆ ನುಂಗುವುದು ಯುಕ್ತ' ಅಂತ ನಾನು ಬರೆದ್ರೆ ರೋಗಿ ಗತಿ ಏನ್ರೀ?" ಎಂದಳು. ನಕ್ಕಳು, ಆಮೇಲೆ ನಮೂನೆ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು.

ನೀನು ಒಂದೇ ಮಾತಲ್ಲಿ ಉತ್ತರ ಕೇಳಿದ್ದೆ. ಈಗ ಸಹಿ ಹಾಕಬೇಡ. ತಿದ್ದಿಸಿ ಹಾಕು.

ಒಬ್ಬಳೇ ಹೋಗಬೇಡ. ಒಬ್ಬಳೇ ಹೋದರೆ 'ಆಗಲಿ ನೋಡೋಣ' ಎಂದು ಸಾಗಹಾಕುತ್ತಾರೆ. ನಲವತ್ತೊಂದು ಮನೆಯವರೂ ಒಟ್ಟಿಗೆ ಹೋಗಿ, ಸಹಿ ಇಲ್ಲದ ನಲವತ್ತೊಂದು ನಮೂನೆಗಳನ್ನು ಮೇಜಿನ ಮೇಲಿಡಿ. ಅಷ್ಟೂ ಮನೆ ತೆರವಾಗದೆ ಅವರು ಅಲ್ಲಿ ಕಟ್ಟಲಿರುವ ಕಡಲ ತಡೆಗೋಡೆಯ ಕೆಲಸ ಶುರುವಾಗುವಂತಿಲ್ಲ, ಅದು ಅವರಿಗೂ ಗೊತ್ತು. ಒಂದೇ ಪದ ಕೇಳಿ: 'ಯುಕ್ತ'ದ ಜಾಗದಲ್ಲಿ 'ತಕ್ಕದ್ದು'. ಹತ್ತು ಕೇಳಿದರೆ ಒಂಬತ್ತು ಕೊಟ್ಟು, ಬೇಕಾದ ಆ ಒಂದನ್ನು ತಪ್ಪಿಸುತ್ತಾರೆ. ಅದು ನಾನು ಕಲಿತ ವಿದ್ಯೆ. ತಿದ್ದಿದ ಮೇಲೆ ಪಕ್ಕದಲ್ಲಿ ಅವರ ಸಹಿ, ಮೊಹರು ಎರಡೂ ಹಾಕಿಸಿಕೊ. ಆದರೆ ಚಿನಕುರಳಿ, ಹೋಗುವುದೇ ಇಲ್ಲ ಎಂದು ಮಾತ್ರ ಹಟ ಹಿಡಿಯಬೇಡ. ನಿನ್ನ ಹಟ ನನಗೆ ಗೊತ್ತು, ಅದು ನನ್ನ ಕಡೆಯದು. ನೀರು ಯಾರ ಕಾಗದವನ್ನೂ ಓದುವುದಿಲ್ಲ.

ಅಳಿಯಂದಿರಿಗೆ ಹೇಳು, ಒಲೆಯ ಇಟ್ಟಿಗೆಗಳಿಗೆ ಒಂದೊಂದಾಗಿ ನಂಬರು ಬರೆದು ಬಿಚ್ಚಬಹುದಂತೆ, ನಮ್ಮ ಬೀದಿಯ ಗಾರೆಯವನನ್ನು ಕೇಳಿದ್ದೇನೆ. "ಅಡಿಯ ಎರಡು ಸಾಲು ಉಪ್ಪು ತಿಂದಿರುತ್ತೆ ಸ್ವಾಮಿ, ಅದು ಹೋಯ್ತು ಅಂದ್ಕೊಳ್ಳಿ. ಮಿಕ್ಕಿದ್ದು ಕೂತ್ಕೊಳ್ಳುತ್ತೆ" ಎಂದ. ಪೂರ್ತಿ ಉಳಿಯುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ.

ನಿಮ್ಮಮ್ಮ ನಿನಗೆ ಬೇರೆ ಪಾರ್ಸೆಲಿನಲ್ಲಿ ಕಾಲುನೋವಿನ ಮುಲಾಮು ಕಳಿಸಿದ್ದಾಳೆ. ದಿನವಿಡೀ ತೇವದಲ್ಲಿ ನಿಲ್ಲುತ್ತೀಯ, ಹಚ್ಚಿಕೊ. ನಿಮ್ಮಿಬ್ಬರ ಕೈಗೆ ಬಲವಿರಲಿ, ಎಲ್ಲಿ ಹೋದರೂ ನಿಮ್ಮ ಹಿಟ್ಟು ಉಬ್ಬಲಿ, ನಿಮ್ಮ ಬಾಗಿಲಿಗೆ ಬಂದವರು ಬಿಸಿಬಿಸಿ ಬ್ರೆಡ್ಡು ಹಿಡಿದೇ ಹೋಗಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ,
ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿದೆ. ಇದನ್ನು ಬರೆಯದೆ ಕಳಿಸಿದರೆ ಇದೂ ಹರಿದ ನಾಲ್ಕರ ಜೊತೆಗೆ ಸೇರಬೇಕಾದ್ದೇ.

ಆ ನಾಲ್ಕನೆಯ ಕಂಡಿಕೆ ಹೀಗೇಕಿದೆ ಎಂದು ನೀನು ಪುರಸಭೆಯಲ್ಲಿ ಕೇಳಿದಾಗ ಗುಮಾಸ್ತ, "ಇದು ನಮ್ಮ ಮಾತಲ್ಲಮ್ಮ, ದೊಡ್ಡ ಒಪ್ಪಂದದಲ್ಲೇ ಹಾಗಿದೆ, ಇಳಿಸಿಕೊಂಡಿದ್ದೀವಿ ಅಷ್ಟೇ" ಎಂದನೆಂದು ಬರೆದಿದ್ದೆ. ಅವನು ಸುಳ್ಳು ಹೇಳಿಲ್ಲ. ಮುಳುಗುವ ಊರುಗಳ ಬಗ್ಗೆ ಒಪ್ಪಂದದಲ್ಲಿ ಒಂದು ಕಲಂ ಇದೆ. ಕೊನೆಯ ದಿನ ಮಧ್ಯಾಹ್ನದವರೆಗೂ ಅದರ ಬಾಲದಲ್ಲಿ 'ಒದಗಿಸತಕ್ಕದ್ದು' ಎಂದೇ ಇತ್ತು. ಎಲ್ಲರೂ ಒಪ್ಪಿ, ಇನ್ನೇನು ಅಧ್ಯಕ್ಷರ ಸುತ್ತಿಗೆ ಬೀಳಬೇಕು ಅನ್ನುವಾಗ ಒಪ್ಪೋಲೆ ಬಂತು. ಒಪ್ಪೋಲೆ ಗೊತ್ತಲ್ಲ, ಪುಸ್ತಕದ ಕೊನೆಗೆ ಅಚ್ಚಿನ ತಪ್ಪುಗಳ ಪಟ್ಟಿ ಇರುತ್ತದಲ್ಲ, ಅದು. ಮೂವತ್ತೊಂದು ತಪ್ಪುಗಳು. ಎಲ್ಲ ಅಲ್ಪವಿರಾಮ, ಪುಟಸಂಖ್ಯೆ, ಬಿಟ್ಟುಹೋದ ಸೊನ್ನೆ. ಇಪ್ಪತ್ಮೂರನೆಯದು ಮಾತ್ರ ಅಚ್ಚಿನ ತಪ್ಪಾಗಿರಲಿಲ್ಲ.

ನಮ್ಮ ಭಾಷೆಯಲ್ಲಿ ಆ ಪಟ್ಟಿ ಓದಬೇಕಾದವನು ನಾನು. ಕಣ್ಣು ಅಲ್ಲಿಗೆ ಬಿದ್ದ ಕೂಡಲೇ ದೊಡ್ಡಮ್ಮನ ಕಡೆ ತಿರುಗಿದೆ. ಆಕೆ ಮೈಕು ಮುಚ್ಚಿ, ಇದ್ದಷ್ಟು ದನಿಯಲ್ಲಿ, "ನೋಡಿದೀನಿ. ಓದಿ. ಎದ್ದು ನಿಂತ್ರೆ ದೊಡ್ಡವರು ಹೊರಗೆ ಹೋಗ್ತಾರೆ. ಅವರು ಹೋದ್ರೆ ಇಡೀದೇ ಹೋಯ್ತು" ಎಂದರು. ನಾನು ಓದಿದೆ. "'ಒದಗಿಸತಕ್ಕದ್ದು' ಎಂಬುದನ್ನು 'ಒದಗಿಸುವುದು ಯುಕ್ತ' ಎಂದು ಓದಿಕೊಳ್ಳುವುದು." ಅಲ್ಪವಿರಾಮ ಓದಿದ ದನಿಯಲ್ಲೇ ಓದಿದೆ. ಯಾರೂ ತಲೆ ಎತ್ತಲಿಲ್ಲ. ಸುತ್ತಿಗೆ ಬಿತ್ತು, ಜನ ಕುರ್ಚಿ ಹತ್ತಿ ಚಪ್ಪಾಳೆ ತಟ್ಟಿದರು, ದೊಡ್ಡಮ್ಮ ಅತ್ತರು. ಅದು ಸಂತೋಷಕ್ಕೆ ಎಂದು ಪತ್ರಿಕೆಯವರು ಬರೆದರು.

ಮತ್ತೆ ಆ ಕುರ್ಚಿಯಲ್ಲಿ ಕೂರಿಸಿದರೂ ಓದುತ್ತೇನೆ ಅನ್ನಿಸುತ್ತದೆ. ಓದದಿದ್ದರೆ ಒಪ್ಪಂದವೇ ಇರುತ್ತಿರಲಿಲ್ಲ, ನಾಲ್ಕು ಡಿಗ್ರಿ ನಾಲ್ಕೇ ಆಗಿರುತ್ತಿತ್ತು. ಇಷ್ಟು ವರ್ಷ ಹಾಗೆಂದೇ ನನಗೆ ನಾನು ಹೇಳಿಕೊಂಡಿದ್ದೇನೆ, ಬಹುಶಃ ಅದು ನಿಜವೂ ಇರಬಹುದು. ಅದಕ್ಕೆ ನಿನ್ನ ಕ್ಷಮೆ ಕೇಳುತ್ತಿಲ್ಲ.

ಕೇಳುತ್ತಿರುವುದು ಬೇರೆಯದಕ್ಕೆ. ಅವತ್ತು ಸಂಜೆ ನೀನು ಫೋನು ಮಾಡಿದ್ದೆ. ಟೀವಿಯಲ್ಲಿ ಚಪ್ಪಾಳೆ ನೋಡಿ, ಬೇಕರಿಗೆ ಬಂದವರಿಗೆಲ್ಲ ಬನ್ನು ಹಂಚುತ್ತಿದ್ದೇವೆ ಎಂದೆ ನೀನು. ಹಿಂದೆ ಬೀದಿಯವರ ಗಲಾಟೆ, ನಗು ಕೇಳಿಸುತ್ತಿತ್ತು. "ಅಪ್ಪಾ, ಇನ್ನು ನಮ್ಮ ಬೀದಿಗೆ ಏನೇ ಆದ್ರೂ ಅವರು ನೋಡ್ಕೊಳ್ಳಲೇಬೇಕು, ಅಲ್ವಾ?" ಎಂದು ಕೇಳಿದೆ. ಆ 'ಲೇಬೇಕು' ಅನ್ನು ಎಷ್ಟು ಒತ್ತಿ ಹೇಳಿದೆ ಗೊತ್ತೇ.

ನಾನು ಹೂಂ ಅಂದೆ, ಮಗಳೇ.