ಕಂದು ಗೆರೆ ಹಿಡಿಯದ ತುಂಡು

ಪ್ರೀತಿಯ ಅಕ್ಕಾ,

ಪಕ್ಕದ ಕೋಣೆಯಲ್ಲಿ ನೀನು ಮಲಗಿದ್ದೀಯ. ನಾನು ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ನಿನಗೇ ಬರೆಯುತ್ತಿದ್ದೇನೆ. ಬರೆಯಲು ಹೇಳಿದವಳೂ ನೀನೇ. "ಸ್ಕ್ಯಾನ್ ಏನಾಯ್ತು ಅಂತ ಡಾಕ್ಟರಿಗಿಂತ ಮೊದಲು ನೀನು ಹೇಳ್ಬೇಕು. ಬಾಯಲ್ಲಿ ಬೇಡ ಕಣೇ, ಅರ್ಧಕ್ಕೇ ಅತ್ತುಬಿಡ್ತೀಯ" ಅಂದೆ. ಇನ್ನೊಂದು ಸಲ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೋ ಬೇಡವೋ ಎಂಬುದನ್ನೂ ನನ್ನ ತಲೆಗೇ ಕಟ್ಟಿದೆ. ಅಮ್ಮ ಹೋದ ಮೇಲೆ ನನ್ನ ಜಡೆಯಿಂದ ಹಿಡಿದು ಮದುವೆಯವರೆಗೆ ಎಲ್ಲವನ್ನೂ ನೀನೇ ತೀರ್ಮಾನಿಸಿದೆ. ಬಿಟ್ಟುಕೊಟ್ಟದ್ದು ಇದೊಂದನ್ನು ಮಾತ್ರ. ಎಂಥ ಉದಾರಿ ನೀನು.

ಲ್ಯಾಬಿನಲ್ಲಿ ಏನು ಮಾಡ್ತೀಯ ಎಂದು ನೀನು ಕೇಳಿದಾಗಲೆಲ್ಲ "ಬಣ್ಣ ಹಾಕ್ತೀನಿ" ಎಂದು ಹಾರಿಸಿಬಿಡುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ಜೀವಕೋಶಗಳ ಅಂಚಿನಲ್ಲಿ ಪಕ್ಕದ ಕೋಶವನ್ನು ಹಿಡಿದುಕೊಳ್ಳುವ ಅಣುಗಳಿರುತ್ತವೆ. ನಿನ್ನ ಪುಟಾಣಿ ತರಗತಿಯ ಮಕ್ಕಳು ರಸ್ತೆ ದಾಟುವಾಗ ಕೈ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಅವು ಇದ್ದಲ್ಲಿ ನನ್ನ ಬಣ್ಣ ಕಂದು ಗೆರೆಯಾಗಿ ಕಾಣುತ್ತದೆ. ಹಿಡಿತ ತಪ್ಪಿದ ಕ್ಯಾನ್ಸರ್ ಕೋಶಗಳಲ್ಲಿ ಗೆರೆ ಮೂಡುವುದಿಲ್ಲ. ಅಂಥವು ಸಡಿಲವಾಗಿ ರಕ್ತಕ್ಕಿಳಿದು ಬೇರೆ ಕಡೆ ಬೇರೂರಬಲ್ಲವು.

ಮನೆಯವರ ತುಂಡು ಅಂಟಿಸಿದ ಗಾಜಿನ ಸ್ಲೈಡನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ಜೊತೆಯವರಿಗೆ ದಾಟಿಸುತ್ತೇವೆ. ಆಪರೇಷನ್ನಿನಲ್ಲಿ ನಿನ್ನ ಲಿವರಿನಿಂದ ತೆಗೆದ ತುಂಡು ಬಂದಾಗ ನಾನು ದಾಟಿಸಲಿಲ್ಲ. ಹಟ. ಬಣ್ಣ ಹಾಕಿ ನೋಡಿದರೆ ಗಡ್ಡೆಯ ಭಾಗ ಪೂರ್ತಿ ಬೋಳು. ನನಗೆ ಆದದ್ದು ಸಂತೋಷ, ಅಕ್ಕ. ದ್ರಾವಣ ಕೆಟ್ಟಿದೆ, ನಾನೇ ಎಲ್ಲೋ ಎಡವಟ್ಟು ಮಾಡಿದ್ದೇನೆ ಅಂದುಕೊಂಡು ಹೊಸ ಬಾಟಲಿ ತೆರೆದು ಮತ್ತೆ ಮಾಡಿದೆ. ನನ್ನ ಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಆದರೆ ಎರಡನೇ ಸಲವೂ ಗಡ್ಡೆ ಬೋಳೇ. ಅದೇ ಗಾಜಿನ ಮೇಲೆ, ಗಡ್ಡೆಯ ಪಕ್ಕದಲ್ಲೇ, ನಿನ್ನ ಒಳ್ಳೆಯ ಲಿವರಿನ ಚೂರೂ ಇತ್ತು. ಅಲ್ಲಿ ಒಂದೊಂದು ಕೋಶದ ಸುತ್ತಲೂ ಕಂದು ಗೆರೆ ಅಚ್ಚುಕಟ್ಟಾಗಿ ಹಿಡಿದಿತ್ತು. ಬಣ್ಣದ್ದೇನೂ ತಪ್ಪಿರಲಿಲ್ಲ. ಅಷ್ಟು ಚಂದದ ಗೆರೆಗಳನ್ನು ನೋಡಿ ಅತ್ತುಬಿಟ್ಟೆ. ನಮ್ಮ ಹಿರಿಯ ಡಾಕ್ಟರಮ್ಮ ಬಂದು ಇಣುಕಿ ನೋಡಿ, ಬೈಯದೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

ಬಣ್ಣವೊಂದನ್ನೇ ನಂಬಿ ಏನೂ ಹೇಳುವಂತಿಲ್ಲ ಎಂದರು ಅವರು. ಅದಕ್ಕೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ಸ್ಕ್ಯಾನ್ ಬಂತು. ಲಿವರಿನ ಉಳಿದ ಭಾಗದಲ್ಲೂ ಎರಡೂ ಶ್ವಾಸಕೋಶಗಳಲ್ಲೂ ಚುಕ್ಕೆಗಳಿವೆ. ಇನ್ನು ಕೊಯ್ದು ಪ್ರಯೋಜನವಿಲ್ಲ ಎಂಬುದು ನಿನ್ನ ಡಾಕ್ಟರ ಮಾತು. ಭಾವನ ಕಿವಿಗೆ ಅದು ಬೀಳುತ್ತಲೇ ಇಲ್ಲ. ಕೊಯ್ಯಲು ಒಪ್ಪುವ ಇನ್ನೊಬ್ಬರನ್ನು ಎಲ್ಲಿಂದಲೋ ಹುಡುಕಿದ್ದಾರೆ, ನಿನ್ನನ್ನು ಕರೆದುಕೊಂಡು ಹೊರಡಲು ಚೀಲ ತುಂಬಿಸುತ್ತಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ. ನೀನಿಲ್ಲದೆ ಅವರಿಗೆ ಅಂಗಿಯ ಗುಂಡಿಯೂ ನೆಟ್ಟಗೆ ಹಾಕಲು ಬರುವುದಿಲ್ಲ.

ಮೊದಲ ಆಪರೇಷನ್ನಿಗೆ ನೀನು ಒಲ್ಲೆ ಎಂದಾಗ ಕಾಲು ಹಿಡಿದು ಒಪ್ಪಿಸಿದವಳು ನಾನು. ನೀನು ಬದುಕಬೇಕೆಂಬ ಆಸೆ ಇವತ್ತೂ ಎಳ್ಳಷ್ಟೂ ಕಡಿಮೆಯಾಗಿಲ್ಲ. ಅದನ್ನು ನುಂಗಿಕೊಂಡೇ ಬರೆಯುತ್ತಿದ್ದೇನೆ. ಬೇಡ ಅಕ್ಕ. ಇನ್ನು ಕೊಯ್ಯಿಸಿಕೊಳ್ಳಬೇಡ. ಭಾವನಿಗೆ ನಾನು ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ಇರುವಷ್ಟು ದಿನ ನಿನಗೆ ನೋವಿಲ್ಲದ ನಿದ್ದೆ ಬರಲಿ. ಚಿಕ್ಕವಳು ನಾನು, ನಿನ್ನನ್ನು ಹರಸುವ ಅಧಿಕಾರ ನನಗಿಲ್ಲ. ಆದರೂ ಹರಸುತ್ತಿದ್ದೇನೆ.

ನೀನು ಸಾಕಿದ
ನಿನ್ನ ತಂಗಿ