ಐಸಿಯು ಬಾಗಿಲಲ್ಲೇ ನಿಂತುಹೋದ ಮಾತ್ರೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

('ಮಾನ್ಯ' ಸದ್ಯಕ್ಕೆ ತಾತ್ಕಾಲಿಕ, ನಿಮ್ಮ ಉತ್ತರ ನೋಡಿ ಖಾಯಂ ಮಾಡುತ್ತೇನೆ.)

ನಿಮ್ಮ ತೀವ್ರ ನಿಗಾ ಘಟಕ ಸೇರಿದ ದಿನದಿಂದ ನನ್ನ ಅಕ್ಕನಿಗೆ ಅವಳ ಎಚ್‌ಐವಿ ಮಾತ್ರೆ ಸಿಕ್ಕಿಲ್ಲ. ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದಾಳೆ. ಆಂಟಿಬಯೋಟಿಕ್ ಉಂಟು, ಎಕ್ಸ್-ರೇ ಉಂಟು, ಮೂಗಿನ ನಳಿಕೆಯಲ್ಲಿ ಊಟವೂ ಉಂಟು. ನಿಗಾ ಇರುವುದು ನಿಜ, ಆ ಮಾತ್ರೆಯೊಂದಕ್ಕೇ ರಜ. ಹಾಗಂತ ಅವಳ ಕಾಯಿಲೆ ನಿಮ್ಮವರಿಗೆ ಮರೆತಿದೆಯೇ? ಛೇ, ಎಲ್ಲಾದರೂ ಉಂಟೇ! ಮಂಚದ ತಲೆಗೆ ಕೆಂಪು ಚೀಟಿ ಅಂಟಿಸಿ, ನೆಲ ಒರೆಸುವವರಿಂದ ಹಿಡಿದು ಎದುರು ಮಂಚದವರ ಬೀಗರ ತನಕ ಎಲ್ಲರಿಗೂ ಸಾರಿದ್ದಾರೆ. ಗುಟ್ಟು ರಟ್ಟು ಮಾಡಿದೆನೆಂದು ನನ್ನನ್ನು ಗದರಬೇಡಿ. ಆ ಪುಣ್ಯ ನಿಮ್ಮದೇ. ಈ ಪತ್ರಕ್ಕೆ ಅಕ್ಕ ಎಚ್ಚರವಿದ್ದಾಗ ತಲೆಯಾಡಿಸಿ ಒಪ್ಪಿದ್ದಾಳೆ. ಚೀಟಿ ಅಂಟಿಸುವಾಗ ನೆನಪಿರುವ ರೋಗ, ಔಷಧಿ ಕೊಡುವಾಗ ಯಾಕೆ ಮರೆಯುತ್ತದೆ?

ಮನೆಯಿಂದ ತಂದ ಮಾತ್ರೆ ಡಬ್ಬಿ ತೋರಿಸಿ ಕೇಳಿದೆ. ಸಿಸ್ಟರ್ ಅಂದರು: "ಅದು ನಮ್ದಲ್ಲ ಸಾರ್, ಪಕ್ಕದ ಬಿಲ್ಡಿಂಗ್‌ದು. ಅವ್ರೇ ಬರ್ಕೊಡ್ಬೇಕು."

ಪಕ್ಕದ ಕಟ್ಟಡದ ಎಚ್‌ಐವಿ ವಿಭಾಗಕ್ಕೆ ಓಡಿದೆ. ಗುಮಾಸ್ತರು ಕತ್ತೆತ್ತಲಿಲ್ಲ. "ಪೇಷೆಂಟನ್ನ ಕರ್ಕೊಂಡ್ ಬನ್ನಿ."

"ವೆಂಟಿಲೇಟರ್ ಸಮೇತನಾ?"

"ಅದ್ ನಿಮ್ಮಿಷ್ಟ. ಮುಖ ನೋಡ್ದೆ ಡಾಕ್ಟ್ರು ಬರ್ಯಲ್ಲ."

ಎರಡು ಕಟ್ಟಡಗಳ ನಡುವೆ ಇರುವುದು ಸೈಕಲ್ ಸ್ಟ್ಯಾಂಡ್, ಸ್ವಾಮೀ, ಸಮುದ್ರವಲ್ಲ.

ಅಕ್ಕ ಟೈಲರ್. ಅಳತೆ ತಪ್ಪಿಯಾಳು, ಹೊತ್ತು ತಪ್ಪಳು. ಮೊಬೈಲಿನ ಅಲಾರಾಂ ಹೊಡೆದೊಡನೆ ಹೊಲಿಗೆ ನಿಲ್ಲಿಸಿ, ತಲೆಯೆತ್ತದೆ ಅಂಗೈ ಚಾಚುತ್ತಾಳೆ. "ತಗೋ ಮಹಾರಾಯ್ತಿ, ನುಂಗು" ಅಂತ ಭಾವ ಮಾತ್ರೆ ಇಡುತ್ತಾರೆ. ವರ್ಷಗಳಿಂದ ಅವರ ಸಂಸಾರ ನಡೆದದ್ದೇ ಹೀಗೆ. ಮೊನ್ನೆ ಮಂಚದ ಕೆಳಗಿನ ಚೀಲದಲ್ಲಿ ಅದೇ ಅಲಾರಾಂ ಹೊಡೆಯಿತು. ಅರೆಮಂಪರಿನಲ್ಲಿದ್ದ ಅಕ್ಕ ಅಂಗೈ ಚಾಚಿದಳು. "ಅಯ್ಯೋ, ಟ್ಯೂಬ್ ಕೀಳಕ್ಕೆ ಹೋಗ್ತಿದಾರೆ!" ಎಂದು ಸಿಸ್ಟರ್ ಓಡಿಬಂದು ಆ ಕೈಯನ್ನು ಮಂಚದ ಸರಳಿಗೆ ಕಟ್ಟಿದರು. ಅವರನ್ನು ಬೈಯಲಾರೆ, ಟ್ಯೂಬು ಕಿತ್ತುಕೊಂಡವರನ್ನು ಎಷ್ಟೋ ಕಂಡಿದ್ದಾರೆ. ಆದರೆ ಔಷಧಿ ಬೇಡಿದ ಕೈಗೆ ಕೋಳ ತೊಡಿಸುವ ಆಸ್ಪತ್ರೆ ಇನ್ನೊಂದಿದ್ದರೆ ವಿಳಾಸ ಕೊಡಿ, ಹೋಗಿ ಕೈಮುಗಿದು ಬರುತ್ತೇನೆ.

ನಾನು ಕೇಳುವುದಿಷ್ಟೆ. ನಿಮ್ಮ ಎಚ್‌ಐವಿ ವೈದ್ಯರು ಇವತ್ತೇ ಸೈಕಲ್ ಸ್ಟ್ಯಾಂಡ್ ದಾಟಿ ಬರಲಿ. ಯಾವ ಮಾತ್ರೆಯನ್ನು ಕರಗಿಸಿ ನಳಿಕೆಯಲ್ಲಿ ಕೊಡಬಹುದು, ಯಾವುದನ್ನು ಅರೆಯಕೂಡದು, ಯಾವುದು ಬೇರೆ ಔಷಧಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ ಎಂದು ಐಸಿಯು ವೈದ್ಯರೊಂದಿಗೆ ಮಂಚದ ಪಕ್ಕ ನಿಂತು ತೀರ್ಮಾನಿಸಲಿ. ಕೊಡಬಾರದೆಂದರೆ ಕಾರಣ ಹೇಳಲಿ, ಕೇಳುತ್ತೇವೆ. "ನಮ್ದಲ್ಲ" ಅನ್ನುವುದು ಕಾರಣವಲ್ಲ. ಆ ಕೆಂಪು ಚೀಟಿಯನ್ನೂ ಕಿತ್ತುಹಾಕಿ. ರಕ್ತ ಮುಟ್ಟುವ ಕೆಲಸಕ್ಕೆ ಯಾವ ರೋಗಿಯ ಬಳಿಯೂ ಗ್ಲೌಸು ಹಾಕಲೇಬೇಕೆಂದು, ಅದಕ್ಕೆ ಚೀಟಿ ಬೇಡವೆಂದು ನಿಮಗೆ ಗೊತ್ತಿಲ್ಲವೇ?

ಅಲಾರಾಂ ನಾನು ಆರಿಸಿಲ್ಲ. ಅದು ಹೊಡೆದಾಗ ಸಿಸ್ಟರನ್ನು ಕಾಡಿ ಬೇಡಿ ಕಟ್ಟು ಬಿಚ್ಚಿಸಿ, ಅಕ್ಕನ ಅಂಗೈಯಲ್ಲಿ ನನ್ನ ಕೈ ಇಡುತ್ತೇನೆ. ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಆದರೆ ಅದನ್ನು ನುಂಗಲಾಗುವುದಿಲ್ಲ.

ಇಂತಿ,
ನಿಮ್ಮ ವಿಧೇಯನಲ್ಲದ, ಅವಳ ತಮ್ಮ
(ಸದ್ಯದ ವಾಸ: ಎರಡು ಕಟ್ಟಡಗಳ ನಡುವಿನ ಸೈಕಲ್ ಸ್ಟ್ಯಾಂಡ್)